ರಟ್ಟಿನ ಗೋಡೆಯ ಆರೈಕೆ

ಹಿಡಕಲ್ ಡ್ಯಾಮಿನಿಂದ ಬಿಟ್ಟ ನೀರು ಗೋಕಾಕಿನ ತಗ್ಗಿನ ಓಣಿಗಳಿಗೆಲ್ಲ ನುಗ್ಗಿ, ಲೋಳಸೂರಿನ ಸೇತುವೆಯನ್ನು ಮುಳುಗಿಸಿ, ಜನರ ಜೀವ ಹಿಂಡಿ, ಕೊನೆಗೆ ತನಗೇ ಸಾಕೆನಿಸಿದ ಮೇಲೆ ಹೊಳೆಗೆ ವಾಪಸ್ಸಾಯಿತು. ತುಕ್ಕಾನಟ್ಟಿಯ ಬೀಗರ ಮನೆಯಲ್ಲಿ ಠಿಕಾಣಿ ಹೂಡಿದ್ದ ಗುರುಲಿಂಗಪ್ಪನ ಸಂಸಾರ ಎಮ್ಮೆಯ ಸಮೇತ ಟ್ರ್ಯಾಕ್ಟರ್ ಹತ್ತಿ ಮನೆಗೆ ಬಂತು. ಬಾಗಿಲು ತೆಗೆದದ್ದೇ ಮಗ ಬಾಳೇಶ ಫ್ರಿಜ್ಜಿನ ಕಡೆ ಓಡಿದ. ಸೊಸೆ ಶೋಭಾ ಜೋಳದ ಡಬ್ಬಿಗಳ ಕಡೆ ಓಡಿದಳು. ಗುರುಲಿಂಗಪ್ಪ ಮಾತ್ರ ಧೋತರ ಮೇಲೆತ್ತಿ ಕಟ್ಟಿಕೊಂಡು, ರಾಡಿಯಲ್ಲಿ ಪಚಪಚ ಹೆಜ್ಜೆ ಹಾಕುತ್ತ ಪಡಸಾಲೆಯ ನಡುವಿನ ಗೋಡೆಯ ಹತ್ತಿರ ಹೋದ. ಜ್ವರ ಬಂದ ಕೂಸಿನ ಹಣೆ ಮುಟ್ಟಿದ ಹಾಗೆ ಅದರ ಮೇಲೆ ಕೈಯಿಟ್ಟ. ಗೋಡೆ ಮೆತ್ತಗಾಗಿತ್ತು. ಹೆಬ್ಬೆರಳು ಒತ್ತಿದರೆ ಒಳಕ್ಕೇ ಹೋಗುವ ಹಾಗಿತ್ತು. ನೀರು ನಿಂತದ್ದು ಮೊಣಕಾಲ ಮಟ್ಟ, ಆದರೆ ಒದ್ದೆ ಸೊಂಟದವರೆಗೆ ಏರಿತ್ತು.

ಹೊರಗೆ ಟ್ರ್ಯಾಕ್ಟರಿನ ಮೇಲೆ ಎಮ್ಮೆ ಒಂದೇ ಸಮನೆ ಒದರುತ್ತಿತ್ತು, ಅದನ್ನು ಇಳಿಸಬೇಕೆಂಬ ನೆನಪೂ ಅವನಿಗೆ ಆಗಲಿಲ್ಲ.

ಇದನ್ನು ನೋಡಿದ್ದರೆ ಓಣಿಯವರು ನಂಬುತ್ತಿರಲಿಲ್ಲ. ಯಾಕೆಂದರೆ ಆ ಗೋಡೆಗೂ ಗುರುಲಿಂಗಪ್ಪನಿಗೂ ಇದ್ದ ಹಗೆತನ ಊರಿಗೆಲ್ಲ ಗೊತ್ತಿತ್ತು. ಮೂರು ವರ್ಷದ ಹಿಂದೆ ಶೋಭಾ ಬ್ಯೂಟಿ ಪಾರ್ಲರ್ ತೆರೆಯುತ್ತೇನೆಂದಾಗ ಬಾಳೇಶ ಉದ್ದನೆಯ ಪಡಸಾಲೆಯನ್ನು ಎರಡು ಭಾಗ ಮಾಡಿಸಿದ. ರಸ್ತೆ ಕಡೆಯದು ಪಾರ್ಲರ್, ಒಳಗಿನದು ಮನೆ. ನಡುವೆ ಇಟ್ಟಂಗಿ ಕಟ್ಟಿಸುತ್ತ ಕೂತರೆ ಹಬ್ಬದ ಗಿರಾಕಿಗಳು ಕೈತಪ್ಪಿ ಹೋಗುತ್ತಾರೆಂದು ಘಟಪ್ರಭಾದಿಂದ ಶುಭಮ್ ಎಂಬ ಪಿಓಪಿ ಕೆಲಸದವನನ್ನು ಕರೆಸಿದ. ಶುಭಮ್ ತಗಡಿನ ಪಟ್ಟಿಗಳ ಚೌಕಟ್ಟು ನಿಲ್ಲಿಸಿ, ಎರಡೂ ಮಗ್ಗುಲಿಗೆ ಜಿಪ್ಸಮ್ ಬೋರ್ಡು ಬಡಿದು, ಮೇಲೆ ಬಣ್ಣ ಬಳಿದು, ಸಂಜೆಯ ಚಹಾ ಕುಡಿದು ಹೋಗಿಯೂ ಬಿಟ್ಟ.

"ಇದ್ಕ ಗ್ವಾಡಿ ಅಂತಾರೇನೋ? ರಟ್ಟು! ಎಮ್ಮಿ ಮೈ ತಿಕ್ಕಿದ್ರ ಬಿದ್ದ ಹೋಗ್ತೈತಿ," ಎಂದು ಗುರುಲಿಂಗಪ್ಪ ಅಂದು ಕೂಗಾಡಿದ್ದ. ಹೋದವರು ಬಂದವರ ಮುಂದೆಲ್ಲ ಅದನ್ನು ಬೆರಳಿನಿಂದ ಟಕಟಕ ಬಡಿದು, "ಪೊಳ್ಳು! ಕೇಳ್ರಿ ಬೇಕಾರ," ಎನ್ನುತ್ತಿದ್ದ. ಅವನ ಬಾಯಲ್ಲಿ ಆ ಗೋಡೆಗೆ ರಟ್ಟಿನ ಗೋಡೆ ಎಂದೇ ಹೆಸರಾಯಿತು.

ಆದರೆ ಆ ಪೊಳ್ಳಿನ ಮಹಿಮೆ ಏನೆಂದು ಅವನಿಗೆ ತಿಳಿದದ್ದು ಪಾರ್ಲರ್ ತೆರೆದ ಮರುದಿನ. ಮಧ್ಯಾಹ್ನ ಉಂಡು, ಕುರ್ಚಿಯನ್ನು ಗೋಡೆಗೆ ಆನಿಸಿ ಕೂತು ತೂಕಡಿಸುತ್ತಿದ್ದ. ಕಿವಿಯ ಹತ್ತಿರವೇ ಯಾರೋ ಹೆಣ್ಣುಮಗಳು, "ನಮ್ಮನ್ಯಾವ್ರು ಗಡ್ಡಕ್ಕ ಕಪ್ಪ ಹಚ್ಚೋದು ಬರೇ ಸಂತಿ ದಿನಾ ನೋಡವಾ," ಎಂದಳು. ಗುರುಲಿಂಗಪ್ಪ ಬೆಚ್ಚಿ ಎದ್ದು ಕೂತ. ಸುತ್ತ ಯಾರೂ ಇಲ್ಲ. ಮಾತು ಗೋಡೆಯೊಳಗಿಂದ ಬರುತ್ತಿತ್ತು.

ಈಗ ಅವನ ಕಿವಿಯ ವಿಷಯ ಹೇಳಲೇಬೇಕು. ನೂಲಿನ ಗಿರಣಿಯಲ್ಲಿ ಜನ್ಮವೆಲ್ಲ ದುಡಿದವನ ಕಿವಿ ಸತ್ತೇ ಹೋಗಿರುತ್ತವೆ ಎಂದು ಊರು ನಂಬಿತ್ತು. ಖರೆ ಅಂದರೆ ಅವನ ಕಿವಿ ಭಾರೀ ಚುರುಕು. ಅಷ್ಟು ಯಂತ್ರಗಳ ಗದ್ದಲದಲ್ಲಿ ಯಾವುದರ ದನಿ ಕೆಟ್ಟಿದೆ ಎಂದು ನಿಂತಲ್ಲಿಂದಲೇ ಹೇಳುತ್ತಿದ್ದ ಆಸಾಮಿ ಅವನು. ಆದರೆ ನಿವೃತ್ತಿಯಾಗಿ ಮನೆಗೆ ಬಂದಾಗ, ಕಿವಿ ಕೇಳದವನಿಗೆ ಯಾರೂ ಕೆಲಸ ಹೇಳುವುದಿಲ್ಲ ಎಂಬ ಸುಖ ಗೊತ್ತಾಯಿತು. 'ಅಪ್ಪಾ, ರೇಶನ್ ತರ್ತಿ ಏನು?' ಎಂದರೆ ಸುಮ್ಮನೆ ನಕ್ಕು ತಲೆ ಆಡಿಸಿದರೆ ಸಾಕಿತ್ತು. ಹೆಂಡತಿ ಯಮನವ್ವನಿಗೊಬ್ಬಳಿಗೇ ಈ ಗುಟ್ಟು ಗೊತ್ತಿದ್ದದ್ದು. ಅವಳು ರೊಟ್ಟಿ ಬಡಿಯುತ್ತ, ಕಾಳು ಹಸನು ಮಾಡುತ್ತ ಸಣ್ಣ ದನಿಯಲ್ಲಿ ಊರಿನ ಸುದ್ದಿಯನ್ನೆಲ್ಲ ಅವನಿಗೆ ಹೇಳುತ್ತಿದ್ದಳು. ಅವನು ಹ್ಞೂಂ ಹ್ಞೂಂ ಎನ್ನುತ್ತ ಕೇಳುತ್ತಿದ್ದ.

ಯಮನವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಅವನಿಗೆ ಸುದ್ದಿ ಹೇಳುವವರೇ ಇಲ್ಲವಾದರು. ಕಿವುಡನ ಮುಂದೆ ಎಷ್ಟಂತ ಒದರುತ್ತಾರೆ? "ಊಟಾ ಮಾಡ್ರಿ," "ಗುಳಿಗಿ ತಗೋರಿ," ಇಷ್ಟೇ. ಕಿವಿ ಕೇಳುತ್ತವೆ ಎಂದು ಈಗ ಹೇಳಲು ಮಾನ ಅಡ್ಡ ಬರುತ್ತಿತ್ತು. ಮನೆಯಲ್ಲಿ ಮಗ ಸೊಸೆ ಇದ್ದೂ ಗುರುಲಿಂಗಪ್ಪನಿಗೆ ತಾನೊಬ್ಬನೇ ಇದ್ದೇನೆ ಅನ್ನಿಸಿಬಿಟ್ಟಿತ್ತು. ಅಂಥ ಹೊತ್ತಿನಲ್ಲಿ ಗೋಡೆ ಮಾತಾಡತೊಡಗಿತು.

ಅವತ್ತಿನಿಂದ ಅವನ ಕುರ್ಚಿ ಗೋಡೆ ಬಿಟ್ಟು ಕದಲಲಿಲ್ಲ. ಹುಬ್ಬು ತೀಡಿಸಲು ಬಂದವರು, ಕೂದಲಿಗೆ ಮೆಹಂದಿ ಹಚ್ಚಿಸಲು ಬಂದವರು, ಸುಮ್ಮನೆ ಬಂದು ಕೂತವರು, ಎಲ್ಲರೂ ಬಾಯಿ ಬಿಚ್ಚಿ ಮಾತಾಡುತ್ತಿದ್ದರು. ಒಳಗಿರುವ ಮುದುಕನಿಗೆ ಹೇಗೂ ಕೇಳುವುದಿಲ್ಲವಲ್ಲ. ಮಧ್ಯಾಹ್ನ ಕೇಳಿದ್ದನ್ನು ಗುರುಲಿಂಗಪ್ಪ ಸಂಜೆ ದುಂಡಪ್ಪನ ಚಹಾದಂಗಡಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದ. "ಆ ಮನ್ಯಾಗ ಅತ್ತಿ ಸೊಸಿ ಮಾತ ಬಿಟ್ಟಂಗ ಕಾಣ್ತೈತಿ," ಎಂದು ಕಣ್ಣು ಮುಚ್ಚಿ ಅನ್ನುವುದು, ಮರುದಿನ ಅದು ಖರೆಯಾಗುವುದು. "ಕಿವಿ ಕೇಳಂಗಿಲ್ಲ, ಆದ್ರ ಮುಖಾ ನೋಡಿ ಎಲ್ಲಾ ತಿಳಕೋತಾರ ನಮ್ಮ ಗುರುಲಿಂಗಪ್ಪಾರು," ಎಂದು ದುಂಡಪ್ಪ ಗಿರಾಕಿಗಳಿಗೆ ಹೇಳಿ ಅವನಿಗೊಂದು ಚಹಾ ಪುಕ್ಕಟೆ ಕೊಡುತ್ತಿದ್ದ. ಗಿರಣಿಯಲ್ಲಿ ಎಂದೂ ಸಿಗದ ಮರ್ಯಾದೆ ಚಹಾದಂಗಡಿಯ ಬೆಂಚಿನ ಮೇಲೆ ಸಿಕ್ಕಿತ್ತು.

ಈಗ ಆ ಗೋಡೆ ನೆನೆದ ಹಪ್ಪಳದಂತಾಗಿ ನಿಂತಿತ್ತು.

ಬಾಳೇಶ ಫ್ರಿಜ್ಜಿನ ದುಃಖ ಮುಗಿಸಿ ಬಂದವನು ಅಪ್ಪನ ಪಕ್ಕದಲ್ಲಿ ನಿಂತು ಗೋಡೆ ನೋಡಿದ. ಅಪ್ಪನ ಕಿವಿಗೆ ಬಾಯಿ ಹಚ್ಚಿ ಕೂಗಿದ:

"ಅಪ್ಪಾ, ನೀ ಹೇಳಿದ್ದ ಖರೆ ಆತು! ರಟ್ಟಿನ ಗ್ವಾಡಿ! ನಾಳೆ ಕಿತ್ತ ಒಗದು ಇಟ್ಟಂಗಿ ಗ್ವಾಡಿ ಕಟ್ಟಸೂಣು! ಒಂಬತ್ತ ಇಂಚಿಂದು!"

ಮೂರು ವರ್ಷ ಬೈದ ಬೈಗುಳಕ್ಕೆ ಸಿಕ್ಕ ಜಯ ಇದು. ಗುರುಲಿಂಗಪ್ಪ ಮಾತ್ರ ಗೋಡೆಗೆ ಬೆನ್ನು ಕೊಟ್ಟು ಅಡ್ಡ ನಿಂತ. ಒಂಬತ್ತು ಇಂಚಿನ ಇಟ್ಟಂಗಿ ಗೋಡೆಯಾಚೆ ಸಿಡಿಲು ಹೊಡೆದರೂ ಕೇಳುವುದಿಲ್ಲ. ಬೇಡ ಅನ್ನಬೇಕು, ಆದರೆ ಯಾಕೆ ಬೇಡ ಅಂತ ಹೇಳುವ ಹಾಗಿಲ್ಲ.

"ಶ್ರಾವಣದಾಗ ಗ್ವಾಡಿ ಒಡೀಬಾರದು," ಎಂದುಬಿಟ್ಟ.

"ಯಾರ ಹೇಳ್ಯಾರ?" ಬಾಳೇಶ ಮತ್ತೆ ಕೂಗಿದ.

"ನಮ್ಮಪ್ಪ ಹೇಳ್ಯಾನ."

"ಪಂಚಾಂಗ ನೋಡಾವ್ರನ್ನ ಕಂಡ್ರ ನೀನ ಉರದ ಬೀಳ್ತಿದ್ದೆಲಾ ಅಪ್ಪಾ!"

"ಇದು ಪಂಚಾಂಗ ಅಲ್ಲಲೇ, ಗ್ವಾಡಿ ಶಾಸ್ತ್ರ. ನಿನಗೇನ ತಿಳೀತೈತಿ, ಹೋಗಿ ಎಮ್ಮಿ ಇಳಸು."

ಗೋಡೆ ಶಾಸ್ತ್ರ ಎಂಬುದು ಆ ನಿಮಿಷದವರೆಗೆ ಭೂಮಿಯ ಮೇಲೆ ಇರಲಿಲ್ಲ. ಆದರೂ ನೆರೆಯಿಂದ ದಣಿದು ಬಂದ ಬಾಳೇಶನಿಗೆ ವಾದ ಮಾಡುವ ತ್ರಾಣ ಇರಲಿಲ್ಲ. ಶ್ರಾವಣ ಕಳೆಯಲಿ ಎಂದು ಒಪ್ಪಿಕೊಂಡ. ಶ್ರಾವಣ ಕಳೆಯುವುದರೊಳಗೆ ಗೋಡೆಯನ್ನು ಗಟ್ಟಿ ಮಾಡಿ ತೋರಿಸಿದರೆ ಉಳಿಯಿತು, ಇಲ್ಲದಿದ್ದರೆ ಹೋಯಿತು. ಗುರುಲಿಂಗಪ್ಪ ಮರುದಿನವೇ ಆರೈಕೆಗೆ ನಿಂತ.

ಮಣ್ಣಿನ ಗೋಡೆ ನೆನೆದರೆ ಏನು ಮಾಡಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಮಟ್ಟಿಗೆ ಗೋಡೆ ಅಂದರೆ ಗೋಡೆ. ಮೊದಲು ಶೇಗಡಿಯಲ್ಲಿ ಕುಳ್ಳು ಹೊತ್ತಿಸಿ ಗೋಡೆಯ ಬುಡಕ್ಕೆ ಕೆಂಡ ಇಟ್ಟ. ಬಣ್ಣ ಗುಳ್ಳೆ ಎದ್ದಿತೇ ಹೊರತು ಒಳಗಿನ ಹಸಿ ಆರಲಿಲ್ಲ. ಆಮೇಲೆ ಬೇವಿನ ಸೊಪ್ಪಿನ ಹೊಗೆ ಹಾಕಿದ. ಬಾಜೂ ಮನೆಯವರು ಬೆಂಕಿ ಬಿತ್ತೆಂದು ಕೊಡ ಹಿಡಿದು ಓಡಿ ಬಂದರು. ಶೋಭಾಳ ಪಾರ್ಲರಿನ ಕೂದಲು ಒಣಗಿಸುವ ಮಷೀನು ಎತ್ತಿಕೊಂಡು ಬಂದು, ಹೊಟ್ಟೆಯ ಮೇಲೆ ಮಲಗಿ, ಗೋಡೆಯ ಬುಡಕ್ಕೆ ಬಿಸಿ ಗಾಳಿ ಊದಿದ. ಅದು ಸ್ವಲ್ಪ ಹೊತ್ತು ಊದಿ, ಸುಟ್ಟ ವಾಸನೆ ಬಿಟ್ಟು ನಿಂತುಹೋಯಿತು.

ಕೊನೆಗೆ ಅವನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಔಷಧ: ಸೆಗಣಿ. ತನ್ನ ಎಮ್ಮೆಯ ಹೊಸ ಹೆಂಡಿಯನ್ನು ಮಣ್ಣಿನ ಜೊತೆ ಕಲಸಿ, ಸೊಂಟದೆತ್ತರದವರೆಗೆ ಜಿಪ್ಸಮ್ ಗೋಡೆಯನ್ನು ಅಂಗೈಯಿಂದ ಚಂದಗೆ ಸಾರಿಸಿದ. ಯಮನವ್ವ ಇದ್ದಿದ್ದರೆ ಕೈಚಳಕ ನೋಡಿ ಮೆಚ್ಚುತ್ತಿದ್ದಳು. ಸಾರಿಸಿ, ಕೈ ತೊಳೆದು, ಕುರ್ಚಿಯಲ್ಲಿ ಕೂತು ಒಣಗುವುದನ್ನು ಕಾದ. ಮೊದಲೇ ನೀರು ಕುಡಿದಿದ್ದ ಬೋರ್ಡು ಸೆಗಣಿಯ ನೀರನ್ನೂ ಕುಡಿಯಿತು. ನಾಲ್ಕಾರು ದಿನ ಕಳೆದ ಮೇಲೆ ಬೆಳಿಗ್ಗೆ ಬಾಳೇಶ ಹಲ್ಲುಜ್ಜುತ್ತ ಬಂದವನು ಗೋಡೆಯ ಮುಂದೆ ನಿಂತೇ ಬಿಟ್ಟ. ಎಮ್ಮೆ ತಿಂದ ಮೇವಿನಲ್ಲಿ ಅಳಿದುಳಿದ ಜೋಳದ ಕಾಳು ಸೆಗಣಿಯಲ್ಲಿ ಬಂದು, ಹಸಿ ಸಿಕ್ಕಿದ್ದೇ ಗೋಡೆಯ ತುಂಬ ಮೊಳಕೆ ಒಡೆದಿದ್ದವು. ಹಸಿರು ಹಸಿರಾಗಿ, ಬೆರಳುದ್ದ.

"ಅಪ್ಪಾ! ಗ್ವಾಡಿಗೆ ಜ್ವಾಳಾ ಹುಟ್ಟೇತಿ!"

ಶೋಭಾ ಒಳಗಿಂದ ಓಡಿ ಬಂದಳು. ನೋಡಿ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗುರುಲಿಂಗಪ್ಪ ಏನೂ ಕೇಳಿಸದವನ ಹಾಗೆ ಮೊಳಕೆಗಳನ್ನು ಒಂದೊಂದಾಗಿ ಕಿತ್ತು ಎಮ್ಮೆಗೆ ಹಾಕಲು ಹೋದ.

ಅವನು ಅತ್ತ ಹೋದ ಮೇಲೆ ಶೋಭಾ ಗಂಡನಿಗೆ ಹೇಳಿದ ಮಾತು ಗೋದಲಿಯ ಹತ್ತಿರ ನಿಂತವನ ಕಿವಿಗೆ ಬಿತ್ತು. "ನಗಬ್ಯಾಡ್ರಿ. ಮಾವಾರು ಇಷ್ಟೆಲ್ಲಾ ಯಾಕ ಮಾಡಾಕತ್ತಾರ ಗೊತ್ತೇನು? ಗ್ವಾಡಿ ಒಡದ್ರ ನನ್ನ ಪಾರ್ಲರ್ ಹಬ್ಬ ಮುಗಿಯೂತನಾ ಬಂದ್ ಆಗ್ತೈತಿ. ಬಾಯಿಲೆ ಬೈದ್ರೂ ಸೊಸಿ ಮ್ಯಾಗ ಎಷ್ಟ ಜೀಂವ ಐತಿ ನೋಡ್ರಿ." ಆ ದಿನ ಅವನ ತಾಟಿಗೆ ಗೋಧಿ ಹುಗ್ಗಿ ಬಿತ್ತು, ಮೇಲೆ ತುಪ್ಪ ಮನಸಾರೆ ಸುರಿದಿತ್ತು. ಗುರುಲಿಂಗಪ್ಪ ತಲೆ ತಗ್ಗಿಸಿ ಉಂಡ. ಹುಗ್ಗಿ ಭಾರೀ ರುಚಿಯಾಗಿತ್ತು, ಇನ್ನಷ್ಟು ಬೇಕೇ ಎಂದು ಶೋಭಾ ಕೂಗಿದರೆ ಮಾತ್ರ ಕೇಳದವನ ಹಾಗೆ ಕೈ ತೊಳೆದ.

ತನ್ನ ಕೈಯಿಂದ ಆಗುವುದಿಲ್ಲವೆಂದು ಖಾತ್ರಿಯಾದ ಮೇಲೆ ಅವನು ಬಸ್ಸು ಹತ್ತಿ ಘಟಪ್ರಭಾಕ್ಕೆ ಹೋದ. ಫೋನ್ ಮಾಡಬಹುದಿತ್ತು, ಆದರೆ ಕಿವುಡ ಫೋನ್ ಮಾಡುವುದನ್ನು ಯಾರಾದರೂ ಕಂಡರೆ ಕಥೆ ಮುಗಿಯಿತು. ಬಾಳೇಶ ಕೆಲಸ ಮಾಡುವ ಔಷಧದ ಅಂಗಡಿ ಸ್ಟೇಶನ್ನಿನ ಎದುರಿಗೇ ಇತ್ತು. ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅದನ್ನು ದಾಟಿ, ಶುಭಮ್ ಇದ್ದಲ್ಲಿಗೆ ಮುಟ್ಟಿದ. ಶುಭಮ್ ಯಾವುದೋ ಮಂಗಲ ಕಾರ್ಯಾಲಯದ ಛತ್ತಿಗೆ ಹೂವು ಬಳ್ಳಿ ಕೂಡಿಸುತ್ತಿದ್ದ.

"ಅಜ್ಜಾ, ಅವತ್ತ ನೀವು ನನ್ನ ಮ್ಯಾಲ ಬಡಿಗಿ ಎತ್ತಿದ್ರಿ!" ಎಂದು ಏಣಿಯ ಮೇಲಿಂದಲೇ ಒದರಿದ.

"ಸಣ್ಣಗ ಮಾತಾಡೋ ಮಾರಾಯಾ, ಕೇಳ್ತೈತಿ ನನಗ," ಎಂದ ಗುರುಲಿಂಗಪ್ಪ. ನಾಲಿಗೆ ಜಾರಿತ್ತು. ಶುಭಮ್ ಕಣ್ಣರಳಿಸಿ ಕೆಳಗಿಳಿದ. ಯಾರಿಗೂ ಹೇಳುವುದಿಲ್ಲ ಎಂದು ಅವನಿಂದ ಮಾತು ತೆಗೆದುಕೊಂಡ ಮೇಲೆಯೇ ಗೋಡೆಯ ವಿಷಯ ಶುರುವಾದದ್ದು.

ಶುಭಮ್ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ನೀರ ಕುಡದ ಗ್ವಾಡಿಗೆ ಮತ್ತ ಹೆಂಡಿ ಕುಡಸೀರಲ್ರಿ ಅಜ್ಜಾ! ದೀಪದ ಬತ್ತ್ಯಾಗ ಎಣ್ಣಿ ಏರಿದಂಗ ಬೋರ್ಡ್‌ನ್ಯಾಗ ನೀರ ಮ್ಯಾಲಕ್ಕ ಏರ್ತೈತಿ. ಏರಿದ್ದ ಜಾಗಾ ಸತ್ತಂಗ, ಅದನ್ನ ಉಳಸಾಕ ಬರಂಗಿಲ್ಲ. ಮ್ಯಾಲಿಂದು ಗಟ್ಟಿ ಐತಿ." ಒದ್ದೆ ಏರಿದ್ದಕ್ಕಿಂತ ಗೇಣು ಮೇಲೆ ಗೆರೆ ಹೊಡೆದು, ಕೆಳಗಿನ ಬೋರ್ಡನ್ನು ಕೊಯ್ದು ಕಿತ್ತ. ಹಿಂದುಗಡೆ ಕರಿ ಬೂಷ್ಟು ಹಿಡಿದು ಗಬ್ಬು ನಾರುತ್ತಿತ್ತು. ಚೌಕಟ್ಟಿನ ತಗಡು ಒರೆಸಿ, ಒಂದು ವಾರ ಫ್ಯಾನಿನ ಗಾಳಿಗೆ ಬಿಡಿ, ಕೈ ಹಚ್ಚಬೇಡಿ, ಸೆಗಣಿಯನ್ನಂತೂ ಮನೆಯೊಳಗೇ ತರಬೇಡಿ ಎಂದು ತಾಕೀತು ಮಾಡಿ ಹೋದ. ಹೇಳಿದ ದಿನಕ್ಕೆ ಬರಲಿಲ್ಲ. ನಾಳೆ ನಾಳೆ ಎಂದು ಸತಾಯಿಸಿ, ಗುರುಲಿಂಗಪ್ಪ ಮತ್ತೆ ಟವೆಲ್ಲು ಸುತ್ತಿಕೊಂಡು ಹೋಗಿ ಹಿಡಿದು ತಂದ ಮೇಲೆ ಬಂದು ಹೊಸ ಬೋರ್ಡು ಕೂಡಿಸಿದ. ಬಣ್ಣ ಹಚ್ಚಿದ ಮೇಲೆ ಎಲ್ಲಿ ಕೊಯ್ದದ್ದೆಂದು ಹುಡುಕಿದರೂ ಸಿಗುತ್ತಿರಲಿಲ್ಲ.

ಇಟ್ಟಂಗಿಯ ಮಾತು ಬಾಳೇಶನೇ ಬಿಟ್ಟ. ಗುರುಲಿಂಗಪ್ಪ ಗೆದ್ದಿದ್ದ. ಶೋಭಾ ಕನ್ನಡಿ ಒರೆಸಿ ಪಾರ್ಲರಿನ ಬಾಗಿಲು ತೆಗೆದ ದಿನ ಅವನು ಉಂಡವನೇ ಕುರ್ಚಿಯನ್ನು ಹಳೆಯ ಜಾಗಕ್ಕೆ ಎಳೆದು ಕೂತ. ಇಷ್ಟು ದಿನ ಊರಿನಲ್ಲಿ ಏನೇನು ಆಗಿದೆಯೋ, ಒಂದೂ ಗೊತ್ತಿಲ್ಲದೆ ಹೊಟ್ಟೆ ಉಬ್ಬಿದ ಹಾಗಾಗಿತ್ತು.

ಮೊದಲು ಬಂದವಳು ಅದೇ ಓಣಿಯ ಯಲ್ಲಾರಿಯ ಹೆಂಡತಿ ಸತ್ತೆವ್ವ. ಅವಳ ದನಿ ಅವನಿಗೆ ಬಲು ಇಷ್ಟ. ಯಾವ ಸುದ್ದಿಯನ್ನಾದರೂ ಕಣ್ಣಿಗೆ ಕಟ್ಟುವ ಹಾಗೆ ಹೇಳುವವಳು. ನೆರೆಗೆ ಮೊದಲು ಅವಳೇ ಒಂದು ಕಥೆ ಹೇಳಿದ್ದಳು: ಗಂಡನಿಗೆ ಗೊತ್ತಿಲ್ಲದಂತೆ ಅವನ ಸ್ಕೂಟಿ ತೆಗೆದುಕೊಂಡು ಕಾಲುವೆ ದಂಡೆಯ ಮೇಲೆ ಓಡಿಸಲು ಕಲಿಯುತ್ತಿದ್ದದ್ದು, ಎದುರಿಗೆ ಬಂದ ಆಡಿಗೆ ಹಾರ್ನ್ ಹೊಡೆಯುವ ಬದಲು "ಸರಿ, ಸರಿ" ಎಂದು ಒದರುತ್ತ ಸ್ಕೂಟಿ ಸಮೇತ ಕಾಲುವೆಗೆ ಇಳಿದದ್ದು. ಗುರುಲಿಂಗಪ್ಪ ಅದನ್ನು ದುಂಡಪ್ಪನ ಅಂಗಡಿಯಲ್ಲಿ ತಾನೇ ಕಂಡವನ ಹಾಗೆ ಹೇಳಿದ ದಿನ ಜನ ನಕ್ಕು ನಕ್ಕು ಚಹಾ ಚೆಲ್ಲಿಕೊಂಡಿದ್ದರು.

"ಬರ್ರಿ ಸತ್ತೆವ್ವಕ್ಕಾ, ಕುಂದರ್ರಿ," ಎಂದಳು ಗೋಡೆಯ ಆಚೆ ಶೋಭಾ.

"ಕುಂದರಾಕ ಬಂದಿಲ್ಲ. ಒಂದ ಮಾತ ಹೇಳಿ ಹೋಗಾಕ ಬಂದೇನಿ." ಸತ್ತೆವ್ವನ ದನಿಯಲ್ಲಿ ನಗು ಇರಲಿಲ್ಲ. "ನಾ ಕಾಲವಿಗೆ ಬಿದ್ದದ್ದು ಚಾದಂಗಡಿಗೆ ಹೆಂಗ ಮುಟ್ಟಿತು? ನಿನ್ನ ಮುಂದ ಬಿಟ್ರ ನಾ ಯಾರ ಮುಂದೂ ಹೇಳಿಲ್ಲ. ನಮ್ಮನ್ಯಾವ್ರಿಗೆ ಮಂದಿ ದಾರ್ಯಾಗ 'ಸರಿ ಸರಿ' ಅಂತ ಕಾಡಾಕತ್ತಾರ. ಅವ್ರು ಸ್ಕೂಟಿ ಚಾವಿ ಟ್ರಂಕಿನ್ಯಾಗ ಹಾಕಿ ಕೀಲಿ ಹಾಕ್ಯಾರ. ಇನ್ನೊಂದ ವಾರ ಸಿಕ್ಕಿದ್ರ ನಾ ಬಜಾರತನಾ ಹೊಡೀತಿದ್ದೆ ಶೋಭಾ. ನಿನ್ನ ಬಾಯಿಗೊಂದ ಬಾಗಲಾ ಇಲ್ಲದ ಹೋತಲ್ಲ!"

"ಬಸವಣ್ಣನ ಆಣಿ ಅಕ್ಕಾ, ನಾ ಯಾರಿಗೂ ಹೇಳಿಲ್ರಿ."

"ಮತ್ತ ಗ್ವಾಡಿ ಹೇಳೇತೇನು? ನಾ ಒಬ್ಬಾಕಿ ಅಲ್ಲ. ಓಣ್ಯಾಗಿನ ಹೆಣಮಕ್ಕಳು ಬಸ್ ಸ್ಟ್ಯಾಂಡ್ ಬಾಜೂದ ಪಾರ್ಲರಿಗೆ ಯಾಕ ಹೋಗಾಕತ್ತಾರ ಅಂತ ತಿಳಕೊಂಡಿ? ಶೋಭಾನ ಮುಂದ ಹೇಳಿದ್ದು ಸಂಜೀಕ ಊರ ತುಂಬ ಅಂತಾರ."

ಗುರುಲಿಂಗಪ್ಪ ಕಿವಿಯನ್ನು ಗೋಡೆಯಿಂದ ಹಿಂದಕ್ಕೆ ತೆಗೆದ. ನೆರೆಗೆ ಮೊದಲೇ ಗಿರಾಕಿ ಕಡಿಮೆಯಾಗಿದ್ದು ಅವನಿಗೆ ಗೊತ್ತಿತ್ತು. ಮಾತು ಕಡಿಮೆ ಬರುತ್ತದಲ್ಲ ಎಂದು ಬೇಸರಪಟ್ಟಿದ್ದ ಕೂಡ. ಅದು ತನ್ನಿಂದಲೇ ಆದದ್ದು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಆಚೆಗೆ ಶೋಭಾ ಬಿಕ್ಕುವುದು ಕೇಳಿಸಿತು. "ನಾ ಇದನ್ನ ಬಂದ್ ಮಾಡ್ತೀನ್ರಿ ಅಕ್ಕಾ. ಮಾತ ಮುರಿಯಾಕಿ ಅಂತ ಅನಿಸಿಕೊಂಡು ಹೆಂಗ ನಡಸ್ಲಿ? ಮಾವಾರಿಗೆ ಏನಂತ ಹೇಳ್ಲಿ ಅನ್ನೂದ ಚಿಂತಿ. ನನ್ನ ಸಲವಾಗಿ ನೆಲದ ಮ್ಯಾಲ ಬಿದ್ದು ಗ್ವಾಡಿ ಉಳಿಸ್ಯಾರ."

ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಕಿವುಡ ಮುದುಕ, ಹೊಸ ಬೋರ್ಡು, ಎಂದಿನ ಕುರ್ಚಿ. ಗುರುಲಿಂಗಪ್ಪನಿಗೆ ಕಿವಿಯವರೆಗೆ ನಾಚಿಕೆ ಏರಿತು. ಹುಗ್ಗಿಯ ಮೇಲೆ ಸುರಿದ ತುಪ್ಪ ನೆನಪಾಯಿತು. ಅವನು ಎದ್ದು ಗೋಡೆಗೆ ಮುಖ ಮಾಡಿ ನಿಂತ.

"ಸತ್ತೆವ್ವಾ, ಬೈಯೂದಿದ್ರ ನನಗ ಬೈ."

ಆಚೆ ಬಾಚಣಿಗೆಯೊಂದು ನೆಲಕ್ಕೆ ಬಿತ್ತು.

"ಯಾರದು?" ಎಂದಳು ಸತ್ತೆವ್ವ ಗಾಬರಿಯಲ್ಲಿ.

"ನಾನವಾ, ಗುರುಲಿಂಗಪ್ಪ."

ಸತ್ತೆವ್ವ ಶೋಭಾಳಿಗೆ ಪಿಸುಗುಟ್ಟಿದಳು, "ಕಾಕಾಗ ಕಿವಿ ಸತ್ತಾವಲ್ಲ?"

"ಸತ್ತಿಲ್ಲ. ಈಗ ನೀ ಪಿಸುಗುಟ್ಟಿದ್ದೂ ಕೇಳ್ತು," ಎಂದ ಗೋಡೆಯ ಈಚೆಯಿಂದ. "ನೀ ಆಡಿಗೆ ಸರಿ ಸರಿ ಅಂದು ಕಾಲವಿಗೆ ಇಳಿದಿದ್ದು ದುಂಡಪ್ಪನ ಅಂಗಡ್ಯಾಗ ಹೇಳ್ದಾಂವ ನಾನು. ಮೂರ ವರ್ಷ ಇಲ್ಲೇ ಕುಂತು ನಿಮ್ಮ ಎಲ್ಲಾರ ಮಾತ ಕೇಳೇನಿ, ಅಲ್ಲಿ ಹೋಗಿ ಹೇಳೇನಿ. ಶೋಭಾ ಒಂದ ಮಾತು, ಒಂದ ಮಾತು ಹೊರಗ ಬಿಟ್ಟಿಲ್ಲ. ಒಬ್ರ ಸುದ್ದಿ ಇನ್ನೊಬ್ರ ಮುಂದ ಆಡಿಲ್ಲ. ಎಷ್ಟ ಮಂದಿ ಕೆಣಕಿ ಕೇಳಿದ್ರೂ ಹೇಳಿಲ್ಲ. ಎಲ್ಲಾ ಕೇಳಿದಾಂವ ನಾ ಒಬ್ಬನ, ಅದಕ್ಕ ಸಾಕ್ಷಿ ಹೇಳಾಂವನೂ ನಾ ಒಬ್ಬನ."

ಸತ್ತೆವ್ವನಿಗೆ ಏನೋ ನೆನಪಾಗಿರಬೇಕು. "ಅಯ್ಯಯ್ಯ," ಎಂದಳು. "ಕಾಕಾ, ಹಂಗಾರ ನಾ ನಿಮಗ ಅಂದಿದ್ದೂ ಕೇಳೀರೇನು?"

"ಗಡಿಗಿ ಹೊಟ್ಟಿ ಅಂದಿದ್ದು ಕೇಳೇನಿ. ನನ್ನ ಮೀಸಿ ಹಳೇ ಬ್ರಶ್ ಇದ್ದಂಗ ಐತಿ ಅಂದಿದ್ದೂ ಕೇಳೇನಿ."

ಸತ್ತೆವ್ವನ ಸಿಟ್ಟೆಲ್ಲ ನಗುವಾಗಿ ಹೊರಗೆ ಬಿತ್ತು. ನಗುತ್ತಲೇ ಬೈದಳು, ಬೈಯುತ್ತಲೇ ನಕ್ಕಳು. ಗುರುಲಿಂಗಪ್ಪ ಎರಡನ್ನೂ ತಲೆ ತಗ್ಗಿಸಿ ಕೇಳಿದ.

ಶೋಭಾ ನಗಲಿಲ್ಲ. ಸತ್ತೆವ್ವ ಹೋದ ಮೇಲೆ ಒಳಗೆ ಬಂದು ಅವನೆದುರು ನಿಂತಳು. ಕಣ್ಣು ಕೆಂಪಾಗಿದ್ದವು.

"ಮೂರ ವರ್ಷ ಗಂಟಲಾ ಹರಕೊಂಡು ಒದರೇನಲ್ರಿ ಮಾವಾರ," ಎಂದಳು ಸಣ್ಣ ದನಿಯಲ್ಲಿ. "ಗ್ವಾಡಿ ಉಳಿಸಿದ್ದು ನನ್ನ ಸಲವಾಗಿ ಅಂತ ತಿಳಕೊಂಡಿದ್ದೆ."

ಅವಳು ಅಡಿಗೆಮನೆಗೆ ಹೋದಳು. ಅವತ್ತಿನಿಂದ ತಾಟು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. "ಊಟಾ ಮಾಡ್ರಿ" ಎಂಬ ಒದರಾಟವೂ ನಿಂತಿತು. ಆ ಒದರಾಟಕ್ಕಾಗಿ ಗುರುಲಿಂಗಪ್ಪನ ಜೀವ ಹಪಹಪಿಸಿತು.

ಸತ್ತೆವ್ವ ಬೈದು ಹೋದ ದಿನವೇ ಸಂಜೆ ಅವನು ದುಂಡಪ್ಪನ ಅಂಗಡಿಗೆ ಹೋದ. ಬೆಂಚಿನ ಮೇಲೆ ಯಲ್ಲಾರಿಯೂ ಕೂತಿದ್ದ. "ಏನ್ರಿ ಗುರುಲಿಂಗಪ್ಪಾರ, ಭಾಳ ದಿನಾ ಆತು! ಏನ ವಿಶೇಷ?" ಎಂದು ದುಂಡಪ್ಪ ಕಿವಿಯ ಹತ್ತಿರ ಬಂದು ಕಿರುಚಿದ.

"ಒದರಬ್ಯಾಡೋ, ಕೇಳ್ತಾವು," ಎಂದು ಎಲ್ಲವನ್ನೂ ಹೇಳಿದ.

ದುಂಡಪ್ಪ ಚಹಾ ಸೋಸುವುದನ್ನು ನಿಲ್ಲಿಸಿ ಬಾಯಿ ತೆರೆದುಕೊಂಡು ನಿಂತ. "ಅಂದ್ರ, ಮುಖಾ ನೋಡಿ ಹೇಳ್ತಿದ್ದದ್ದು, ಅದು ಅಂತರ್ಜ್ಞಾನ ಅಲ್ಲೇನ್ರಿ?"

"ಅಂತರ್ಜ್ಞಾನ ಅಲ್ಲೋ, ಜಿಪ್ಸಮ್."

ಬೆಂಚಿನವರೆಲ್ಲ ಗೊಳ್ಳೆಂದರು. ಮೂರು ವರ್ಷದ ಮರ್ಯಾದೆ ಒಂದು ನಗುವಿನಲ್ಲಿ ಹೋಯಿತು. ಗುರುಲಿಂಗಪ್ಪ ಯಲ್ಲಾರಿಯ ಕಡೆ ತಿರುಗಿದ. "ಯಲ್ಲಾರಿ, ನೀ ಸೈಕಲ್ ಕಲಿಯೂ ಮುಂದ ದುಂಡಪ್ಪನ ಅಪ್ಪನ ಮಿರ್ಚಿ ಬುಟ್ಟಿಗೆ ಹಾಯಿಸಿದ್ದು ಈ ಕಣ್ಣಿಲೆ ನೋಡೇನಿ. ಅವಾಗ ನಿನ್ನ ಸೈಕಲ್ ಯಾರೂ ಟ್ರಂಕಿನ್ಯಾಗ ಹಾಕಲಿಲ್ಲ. ಚಾವಿ ಕೊಡು ಅಕಿಗೆ." ಈಗ ಬೆಂಚಿನ ನಗು ಯಲ್ಲಾರಿಯ ಕಡೆ ಹೊರಳಿತು. ಚಾವಿ ಆ ವಾರವೇ ಟ್ರಂಕಿನಿಂದ ಹೊರಬಿತ್ತು. ಅವತ್ತಿನ ಚಹಾಕ್ಕೆ ದುಂಡಪ್ಪ ಮೊದಲ ಸಲ ದುಡ್ಡು ತೆಗೆದುಕೊಂಡ.

ಮನೆಗೆ ಬಂದವನೇ ಗುರುಲಿಂಗಪ್ಪ ಮಗನನ್ನು ಕರೆದ. "ಬಾಳೇಶಾ, ಇಟ್ಟಂಗಿ ತರಸು. ಒಂಬತ್ತ ಇಂಚಿನ ಗ್ವಾಡಿ."

"ಶ್ರಾವಣ ಇನ್ನೂ ಮುಗದಿಲ್ಲಲಾ ಅಪ್ಪಾ. ಗ್ವಾಡಿ ಶಾಸ್ತ್ರ?"

"ಯಾವ ಹುಚ್ಚ ಹೇಳ್ದ ನಿನಗ? ತರಸು."

ಅಷ್ಟು ಆರೈಕೆ ಮಾಡಿದ ಗೋಡೆಯನ್ನು ಶುಭಮ್ ಬಂದು ಬಿಚ್ಚಿಕೊಂಡು ಹೋದ. ಹೋಗುವಾಗ, "ಹುಚ್ಚ ಹಿಡಸ್ತೀರಿ ಅಜ್ಜಾ," ಎಂದ. ಗೌಂಡಿ ಬಂದು ನೆಲದಿಂದ ಛತ್ತಿನವರೆಗೆ ಇಟ್ಟಂಗಿ ಕಟ್ಟಿದ. ಹಳೆಯ ಗೋಡೆಯನ್ನು ಒಣಗಿಸಲು ಒದ್ದಾಡಿದವನು ಈಗ ಹೊಸ ಗೋಡೆಗೆ ಬೆಳಿಗ್ಗೆ ಸಂಜೆ ನೀರು ಹೊಡೆಯತೊಡಗಿದ. ಸಿಮೆಂಟು ಗಟ್ಟಿಯಾಗಬೇಕಾದರೆ ನೀರು ಬೇಕಲ್ಲ. ಬೇರೆ ಯಾರಿಗೂ ಆ ಕೆಲಸ ಕೊಡಲಿಲ್ಲ. ಓಣಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಮತ್ತೆ ಬಂದರು. ಬಂದವರು ಮೊದಲು ಗೋಡೆಯನ್ನು ಗುದ್ದಿ ನೋಡಿ, ಆಮೇಲೆ ಕುರ್ಚಿಯಲ್ಲಿ ಕೂರುತ್ತಿದ್ದರು. ಆಚೆ ಅವರು ನಗುವಾಗ ಈಚೆ ಬರಿಯ ಗುಂಯ್‌ಗುಡುವ ಸದ್ದು ಬರುತ್ತಿತ್ತು, ಮಾತು ಒಂದೂ ತಿಳಿಯುತ್ತಿರಲಿಲ್ಲ.

ಒಂದು ಸಂಜೆ ಅವನು ಕೊಡ ಹಿಡಿದು ಗೋಡೆಗೆ ನೀರು ಚಿಮುಕಿಸುತ್ತಿದ್ದ. ಶೋಭಾ ಪಾರ್ಲರ್ ಮುಚ್ಚಿ ಒಳಗೆ ಬಂದಳು. ಅಡಿಗೆಮನೆಗೆ ಹೋಗದೆ ಅಲ್ಲೇ ನಿಂತಳು.

"ಇವತ್ತ ಸತ್ತೆವ್ವಕ್ಕ ಬಂದಿದ್ರು," ಎಂದಳು. ಒದರದೆ, ಸಾದಾ ದನಿಯಲ್ಲಿ. "ಸ್ಕೂಟಿ ಮ್ಯಾಲ ಬಂದಿದ್ರು. ಏನ ಸುದ್ದಿ ಹೇಳಿದ್ರು ಗೊತ್ತೇನ್ರಿ?"

ಗುರುಲಿಂಗಪ್ಪನ ಕೈ ನಿಂತಿತು. ಹಳೆಯ ಚಟ ನಾಲಿಗೆಯ ತುದಿಯವರೆಗೆ ಬಂದು ಕೂತಿತ್ತು. ಅದನ್ನು ನುಂಗಿದ.

"ಬ್ಯಾಡವ್ವಾ. ಅಕಿ ಸುದ್ದಿ ಅಕೀದು, ನಿನ್ನ ಹತ್ರನ ಇರಲಿ." ಕೊಡ ಕೆಳಗಿಟ್ಟ. "ಮೂರ ವರ್ಷ ಆ ಗ್ವಾಡಿಗೆ ಕಿವಿ ಹಚ್ಚಿ ಕುಂತಿದ್ದೆ. ಎಲ್ಲಾರ ಸುದ್ದಿ ಕೇಳ್ದೆ. ನಿಂದೊಂದೂ ಕೇಳಲಿಲ್ಲ ನೋಡು. ನೀ ಬರೇ ಹೂಂ, ಆಮ್ಯಾಲ, ಮುಂದ, ಅಂತಿದ್ದಿ. ಒಬ್ಬಾಕಿ ಆದ ಮ್ಯಾಲ ಒಬ್ಬಾಕಿ ಬಂದು ಎಲ್ಲಾರೂ ನಿನ್ನ ಮುಂದ ಹೇಳಿ ಹಗರಾಗಿ ಹೋಗ್ತಿದ್ರು. ನಿನಗ ಯಾರಾರ ಏನಾರ ಕೇಳ್ಯಾರೇನು?"

ಶೋಭಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು.

"ನಿಂದೇನಾರ ಇದ್ರ ಹೇಳು ತಂಗಿ. ಯಮನವ್ವ ಹೇಳ್ತಿದ್ದಳು, ನಾ ಕೇಳ್ತಿದ್ದೆ. ಕೇಳೂದೊಂದ ಬರ್ತೈತಿ ನನಗ."

ಅವಳು ಅತ್ತಿತ್ತ ನೋಡಿದಳು. ಬಾಳೇಶ ಇನ್ನೂ ಬಂದಿರಲಿಲ್ಲ. ಹೊಸಿಲ ಮೇಲೆ ಕೂತು, ಅವನಿಗೂ ಕೂರಲು ಮಣೆ ಸರಿಸಿದಳು.

"ಯಾರ ಮುಂದೂ ಹೇಳಬಾರದು ಮತ್ತ," ಎಂದಳು.

"ಇಲ್ಲವ್ವಾ."

ಶೋಭಾ ಸಣ್ಣ ದನಿಯಲ್ಲಿ ಶುರು ಮಾಡಿದಳು. ಗುರುಲಿಂಗಪ್ಪ ಹ್ಞೂಂಗುಟ್ಟುತ್ತ ಕೇಳಿದ. ನಡುವೆ ಒಮ್ಮೆ ಅವಳು ಕಣ್ಣೊರೆಸಿಕೊಂಡಳು, ಒಮ್ಮೆ ಇಬ್ಬರೂ ನಕ್ಕರು. ಗೋಡೆಯ ನೀರು ಇಳಿದು ನೆಲವೆಲ್ಲ ಒದ್ದೆಯಾದರೂ ಇಬ್ಬರೂ ಏಳಲಿಲ್ಲ. ಅವಳು ಏನು ಹೇಳಿದಳೆಂದು ದುಂಡಪ್ಪನ ಅಂಗಡಿಯಲ್ಲಿ ಇವತ್ತಿನವರೆಗೆ ಯಾರಿಗೂ ಗೊತ್ತಿಲ್ಲ.